ಹಳ್ಳಿ ರೂಟಿಗೆ ಎಲೆಕ್ಟ್ರಿಕ್ ಬಸ್ಸಾ? ಮೊದ್ಲು ನೈಟ್ ಹಾಲ್ಟ್ ಲೆಕ್ಕ ಹಾಕಿ

ಎಲೆಕ್ಟ್ರಿಕ್ ಬಸ್ಸಿಗೆ ಟೈಮಿಂಗ್ಸ್ ಹಾಕೋರು ಮೊದ್ಲು ನೋಡೋದು ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಅಂತ. ಆದ್ರೆ ನಮ್ಮ ತೀರ್ಥಹಳ್ಳಿ, ಹೊಸನಗರ ಕಡೆ ಮೊದ್ಲು ಕೇಳ್ಬೇಕಾದ್ದು ರಾತ್ರಿ ಬಸ್ ಎಲ್ಲಿ ನಿಲ್ಲುತ್ತೆ ಅಂತ. ಹಾಲ್ಟಿಂಗ್ ಬಸ್ ಊರಲ್ಲೇ ಇದ್ರೆ ತಾನೇ ಬೆಳಿಗ್ಗೆ ಆರೂಕಾಲಿಗೆ ಕಾಲೇಜ್ ಮಕ್ಳು, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗೋರು ಹತ್ತೋದು.

ಹಂಗಾಗಿ ಹಾಲ್ಟ್ ಊರಿಗೆ ಹೋಗಿ ಅಲ್ಲಿನ ಟಿಸಿ (ಕರೆಂಟಿನ ಟ್ರಾನ್ಸ್‌ಫಾರ್ಮರ್) ನೋಡ್ಕೊಂಡ್ ಬನ್ನಿ. ಸಾಮಾನ್ಯವಾಗಿ 25 ಇಲ್ಲಾ 63 ಕೆವಿಎ, ಅದರ ಮೇಲೇ ಮನೆಗಳು, ತೋಟದ ಪಂಪ್‌ಸೆಟ್ಟು ಎಲ್ಲಾ. ಅದಕ್ಕೆ 60 ಕಿಲೋವ್ಯಾಟ್ ಚಾರ್ಜರ್ ಸಿಕ್ಕಿಸಿದ್ರೆ ಊರಿಗೇ ಕತ್ಲೆ. ಬೇರೆ ಟಿಸಿಗೆ ಕರೆಂಟ್ ಕಂಪನಿ ಮೆಸ್ಕಾಂಗೆ ಅರ್ಜಿ ಹಾಕಿ, ಅದು ಬರೋ ತನಕ ಸಂಜೆ ಪೇಟೆಲೇ ಚಾರ್ಜ್ ಮಾಡ್ಕೊಂಡು ಊರು ಮುಟ್ಟೋವಾಗ ಬೆಳಿಗ್ಗೆ ವಾಪಸ್ ಹೋಗೋಕೆ ಬೇಕಾದಷ್ಟು, ಮೇಲೆ 20 ಪರ್ಸೆಂಟ್ ಉಳಿಯೋ ಹಂಗೆ ಟ್ರಿಪ್ ಜೋಡಿಸಿ.

ಈಗ ಹಗಲಿನ ಲೆಕ್ಕ. 200 ಯೂನಿಟ್ ಬ್ಯಾಟರಿ, ಕಿಲೋಮೀಟರಿಗೆ 1.2 ಯೂನಿಟ್ ಅಂತ ಇಟ್ಕೊಳ್ಳಿ. ಶಿವಮೊಗ್ಗ-ತೀರ್ಥಹಳ್ಳಿ ಸುಮಾರು 60 ಕಿಲೋಮೀಟರ್, ಹೋಗಿ ಬಂದ್ರೆ 144 ಯೂನಿಟ್ ಖಾಲಿ, ಉಳಿಯೋದು 28 ಪರ್ಸೆಂಟ್. ಮಧ್ಯಾಹ್ನ ಡ್ರೈವರ್ ಊಟದ ಹೊತ್ತಲ್ಲಿ 120 ಕಿಲೋವ್ಯಾಟ್ ಚಾರ್ಜರಿಗೆ ಒಂದು ಗಂಟೆ ಹಾಕಿದ್ರೆ 80 ಆಗುತ್ತೆ (ಅದರ ಮೇಲೆ ಚಾರ್ಜ್ ನಿಧಾನ, ಕಾಯೋದು ದಂಡ). ಆದ್ರೆ ಎರಡನೇ ರೌಂಡ್ ಮುಗಿಯೋವಾಗ 8 ಪರ್ಸೆಂಟಿಗೆ ಬಂದಿರುತ್ತೆ! ಕಾಗದದ ಮೇಲೆ ಬಸ್ ಮುಟ್ತು, ದಾರೀಲಿ ಒಂದು ಮರ ಬಿದ್ದು ಸುತ್ತಿ ಬಳಸಿ ಬರ್ಬೇಕಾದ್ರೆ ಜನ ನಡುದಾರೀಲಿ. ತೀರ್ಥಹಳ್ಳೀಲಿ ಚಾರ್ಜಿಗೆ ಒಂದು ಇಪ್ಪತ್ತೈದು ನಿಮಿಷ ಸೇರಿಸಿ, ಡ್ರೈವರ್ ಕಂಡಕ್ಟರ್ ಟೀ ಕುಡೀಲಿ.

ಘಾಟಿ ಬೇರೆ ಲೆಕ್ಕ. ಜನ ಸೇರಿ 12 ಟನ್ ಬಸ್ಸು 500 ಮೀಟರ್ ಎತ್ತರ ಹತ್ತೋಕೇ 16 ಯೂನಿಟ್ ಬೇಕು, ಮೋಟರಿನ ನಷ್ಟ ಸೇರಿದ್ರೆ 20ರ ಹತ್ರ. ಇಳಿಯೋವಾಗ ಮೋಟರೇ ಬ್ರೇಕ್ ಹಿಡಿದು ಕರೆಂಟ್ ಮಾಡುತ್ತೆ, ಒಂದಷ್ಟು ಬ್ಯಾಟರಿಗೆ ವಾಪಸ್ ಬರುತ್ತೆ, ಆದ್ರೆ ಬ್ಯಾಟರಿ ಫುಲ್ ಇದ್ರೆ ಅದಕ್ಕೆ ತಗೊಳ್ಳೋಕೆ ಜಾಗ ಇಲ್ಲ, ಆ ಬ್ರೇಕೂ ಸರಿಯಾಗಿ ಹಿಡಿಯಲ್ಲ. ಆಗುಂಬೇಲಿ ಚಾರ್ಜರ್ ಹಾಕಿದ್ರೆ 85-90ಕ್ಕೇ ಬಿಚ್ಚಿ, 14 ತಿರುವು ಇಳಿಯೋ ಬಸ್ಸಿಗೆ ಆ ಬ್ರೇಕ್ ಬೇಕೇ ಬೇಕು.

ಟೈಮಿಂಗ್ಸ್ ಗಟ್ಟಿ ಮಾಡೋ ಮುಂಚೆ ಒಂದು ವಾರ ಬಸ್ ಓಡಿಸಿ ನೋಡಿ, ಕಂಡಕ್ಟರ್ ಕೈಗೆ ನೋಟ್‌ಬುಕ್ ಕೊಡಿ. ಪ್ರತಿ ದೊಡ್ಡ ಸ್ಟಾಪಲ್ಲಿ ಎಷ್ಟು ಪರ್ಸೆಂಟ್, ಎಷ್ಟು ಜನ, ಮಳೆ ಇತ್ತಾ. ಕಂಪನಿ ಹೇಳೋ ರೇಂಜಿಗಿಂತ ಈ ಪುಸ್ತಕ ನಂಬಿ. ಆರಿದ್ರೆ, ಪುನರ್ವಸು ಮಳೇಲಿ ಕರೆಂಟ್ ಹೋದ್ರೆ ಯಾವಾಗ ಬರುತ್ತೋ ಹೇಳೋಕಾಗಲ್ಲ, ಹಂಗಾಗಿ ಜೂನ್‌ನಿಂದ ಸೆಪ್ಟೆಂಬರ್‌ಗೆ ಬೇರೇನೇ ಟೈಮಿಂಗ್ಸ್ ಮಾಡಿ. ಚಾರ್ಜ್ ಸಾಲದೇ ಟ್ರಿಪ್ ಕಟ್ ಮಾಡ್ಲೇಬೇಕು ಅಂದ್ರೆ ಮಧ್ಯಾಹ್ನದ್ದು ಕಟ್ ಮಾಡಿ, ದಯವಿಟ್ಟು ಸಂಜೆ ಕೊನೇ ಬಸ್ ಮುಟ್ಬೇಡಿ. ಮಳೇಲಿ ಕ್ರಾಸಲ್ಲಿ ಇಳಿದು ಟಾರ್ಚ್ ಹಿಡ್ಕೊಂಡು ನಾಲ್ಕು ಕಿಲೋಮೀಟರ್ ನಮ್ಮಮ್ಮ ನಡೆದಿದ್ದು ಕೊನೇ ಬಸ್ ಇಲ್ಲದ ದಿನಾನೇ.