ಮಳೆ ಹಿಡಿಯುವ ಮುನ್ನ ಮನೆಯಲ್ಲೇ ಬೈಕ್ ಸಿದ್ಧಪಡಿಸಿಕೊಳ್ಳುವುದು

ಕೊಡಗಿನಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಸುಲಭವಾಗಿ ಬಿಡುವುದಿಲ್ಲ. ಭಾಗಮಂಡಲ, ನಾಪೋಕ್ಲು ಕಡೆಯಲ್ಲಂತೂ ತೊಯ್ದ ಬೈಕು ಒಣಗಲು ಪುರುಸೊತ್ತೇ ಇರುವುದಿಲ್ಲ. ಹಾಗಾಗಿ ಮನೆಯಲ್ಲಿ ಮಾಡಿಕೊಳ್ಳಬಹುದಾದ ಕೆಲಸಗಳನ್ನು ಮೇ ತಿಂಗಳಲ್ಲೇ ಮುಗಿಸಬೇಕು. ಎಂಜಿನ್ ಬಿಚ್ಚುವ ಉಮೇದು ಬೇಡ. ಇಲ್ಲಿನ ಕೆಸರು ಮೊದಲು ತಿನ್ನುವುದು ಚೈನನ್ನು, ಇಳಿಜಾರು ಸವೆಸುವುದು ಬ್ರೇಕನ್ನು. ಇವೆರಡಕ್ಕೆ ಒಂದು ಭಾನುವಾರ ಸಾಕು.

ಬೈಕನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು, ಬೀಗದ ಕೈಯನ್ನು ತೆಗೆದು ಜೇಬಿಗೆ ಹಾಕಿಕೊಳ್ಳಿ. ಎಂಜಿನ್ ಚಾಲೂ ಇಟ್ಟು ಚೈನ್ ಒರೆಸಲು ಹೋದವರ ಬೆರಳು ಸ್ಪ್ರಾಕೆಟ್ಟಿಗೆ, ಅಂದರೆ ಚೈನು ಸುತ್ತುವ ಹಲ್ಲಿನ ಚಕ್ರಕ್ಕೆ, ಸಿಕ್ಕುವುದು ಕ್ಷಣದ ಮಾತು. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಚಕ್ರವನ್ನು ಕೈಯಿಂದ ತಿರುಗಿಸುತ್ತ ಕೊಂಡಿ ಕೊಂಡಿಯನ್ನೂ ಉಜ್ಜಿ, ಬಟ್ಟೆಯಲ್ಲಿ ಒರೆಸಿ ಒಣಗಿಸಬೇಕು. ಕೊಂಡಿಗಳ ನಡುವೆ ಕಪ್ಪು ರಬ್ಬರ್ ಉಂಗುರಗಳು ಕಂಡರೆ ಅದು ಓ-ರಿಂಗ್ ಚೈನು. ಅದಕ್ಕೆ ತಂತಿ ಬ್ರಷ್ಷಾಗಲಿ ಪೆಟ್ರೋಲಾಗಲಿ ತಾಗಬಾರದು. ಅನಂತರ 90 ಗ್ರೇಡಿನ ಗೇರ್ ಆಯಿಲನ್ನು ಚೈನಿನ ಒಳಮೈಗೆ ಹನಿಹನಿಯಾಗಿ ಬಿಟ್ಟು, ರಾತ್ರಿಯಿಡೀ ಹಾಗೇ ಇಟ್ಟು, ಬೆಳಿಗ್ಗೆ ಹೆಚ್ಚಾದುದನ್ನು ಒರೆಸಿಬಿಡಿ. ಎಂಜಿನ್ನಿನಿಂದ ತೆಗೆದ ಹಳೆಯ ಎಣ್ಣೆಯನ್ನೇ ಸುರಿಯುವ ರೂಢಿ ತೋಟಗಳಲ್ಲಿದೆ. ಅದರಲ್ಲಿ ಲೋಹದ ಪುಡಿಯಿರುವುದರಿಂದ ಚೈನು ಇನ್ನಷ್ಟು ಬೇಗ ಸವೆಯುತ್ತದೆ.

ಚೈನಿನ ಸಡಿಲಿಕೆಯನ್ನು ಅಂದಾಜಿನಲ್ಲಿ ನೋಡಬಾರದು. ಎರಡು ಸ್ಪ್ರಾಕೆಟ್ಟುಗಳ ನಡುಮಧ್ಯದಲ್ಲಿ, ಚೈನಿನ ಕೆಳಭಾಗಕ್ಕೆ ಸ್ಕೇಲ್ ಹಿಡಿದು, ಬೆರಳಿನಿಂದ ಮೇಲೆ ಕೆಳಗೆ ಆಡಿಸಿ ಅಳೆಯಿರಿ. ಚಿಕ್ಕ ಬೈಕುಗಳಿಗೆ ಸಾಮಾನ್ಯವಾಗಿ 20ರಿಂದ 30 ಮಿಲಿಮೀಟರ್ ಇರುತ್ತದೆ. ನಿಮ್ಮ ಬೈಕಿನ ಕೈಪಿಡಿಯಲ್ಲಿರುವ ಅಳತೆಯೇ ಅಂತಿಮ. ಚೈನು ಎಲ್ಲ ಕಡೆಯೂ ಒಂದೇ ಸಮ ಸವೆದಿರುವುದಿಲ್ಲವಾದ್ದರಿಂದ, ಚಕ್ರ ತಿರುಗಿಸಿ ನಾಲ್ಕು ಕಡೆ ಅಳೆದು, ಅತಿ ಬಿಗಿಯಾದ ಜಾಗವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಅಳತೆ ಹೊಂದದಿದ್ದರೆ ಹಿಂದಿನ ಚಕ್ರದ ಅಚ್ಚನ್ನು ಹಿಡಿದಿರುವ ಆಕ್ಸಲ್ ನಟ್ ಸಡಿಲಿಸಿ, ಚಕ್ರವನ್ನು ಹಿಂದೆ ಮುಂದೆ ಸರಿಸುವ ಎಡಬಲದ ಅಡ್ಜಸ್ಟರ್‌ಗಳನ್ನು ಕಾಲು ಸುತ್ತಿನಂತೆ ಸಮವಾಗಿ ತಿರುಗಿಸಿ, ಎರಡೂ ಬದಿಯ ಗೆರೆಗಳು ಒಂದೇ ಗುರುತಿಗೆ ಬಂದಿವೆಯೇ ಎಂದು ಬಗ್ಗಿ ನೋಡಿ, ನಟ್ ಬಿಗಿಸಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಬಿಗಿ ಇದ್ದಷ್ಟೂ ಒಳ್ಳೆಯದೆಂದು ನಂಬಿ ನಾನು ಒಮ್ಮೆ ಚೈನನ್ನು ತಂತಿಯಂತೆ ಎಳೆದಿದ್ದೆ. ಹಿಂದೆ ಗೊಬ್ಬರದ ಮೂಟೆ ಹೇರಿದಾಗ ಚಕ್ರ ಮೇಲಕ್ಕೆದ್ದು ಚೈನು ಮತ್ತಷ್ಟು ಬಿಗಿಯುತ್ತದೆ ಎಂಬುದು ಬೇರಿಂಗ್ ಕೂಗತೊಡಗಿದ ಮೇಲಷ್ಟೇ ಹೊಳೆಯಿತು.

ಚಕ್ರ ಹಿಂದಕ್ಕೆ ಸರಿದಾಗ ಹಿಂದಿನ ಡ್ರಮ್ ಬ್ರೇಕಿನ ರಾಡ್ ಕೂಡ ಬಿಗಿಯಾಗುತ್ತದೆ. ಆದ್ದರಿಂದ ರಾಡಿನ ನಟ್ಟನ್ನು ಸರಿಪಡಿಸಿ, ಪೆಡಲ್ ಬಿಟ್ಟಾಗ ಚಕ್ರ ಸರಾಗವಾಗಿ ತಿರುಗುತ್ತದೆಯೇ, ಒತ್ತಿದಾಗ ಹಿಂದಿನ ದೀಪ ಉರಿಯುತ್ತದೆಯೇ ನೋಡಿಕೊಳ್ಳಿ. ಪೆಡಲ್ ಒತ್ತಿದಾಗ ಡ್ರಮ್ಮಿನ ಹೊರಗಿನ ಬಾಣ ಸವೆತದ ಗುರುತಿಗೆ ತಲುಪಿದರೆ ಡ್ರಮ್ಮಿಗೆ ಒಳಗಿನಿಂದ ಉಜ್ಜಿ ಚಕ್ರವನ್ನು ತಡೆಯುವ ಬ್ರೇಕ್ ಶೂ ಬದಲಿಸಲೇಬೇಕು. ಡ್ರಮ್ ಬಿಚ್ಚಿದಾಗ ಧೂಳನ್ನು ಬಾಯಿಂದ ಊದದೆ, ಒದ್ದೆ ಬಟ್ಟೆಯಿಂದ ಒರೆಸಿ. ಡಿಸ್ಕ್ ಬ್ರೇಕಿನ ಎಣ್ಣೆಯನ್ನು ಮಾತ್ರ ಮೆಕ್ಯಾನಿಕ್ಕಿಗೇ ಬಿಡುವುದು ಲೇಸು, ಏಕೆಂದರೆ ಕೊಳವೆಯಲ್ಲಿ ಗಾಳಿ ಉಳಿದರೆ ಬ್ರೇಕೇ ಹಿಡಿಯುವುದಿಲ್ಲ. ಈ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಎಣ್ಣೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದಿದ್ದರೆ, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಮಡಿಕೇರಿಯಿಂದ ಸಂಪಾಜೆಗೆ ಘಾಟಿ ಇಳಿಯುವವರು ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು.

ಹೊಸದಾಗಿ ಏನಾದರೂ ಸೇರಿಸುವ ಆಸೆಯಿದ್ದರೆ, ಮುಂದಿನ ಮಡ್‌ಗಾರ್ಡಿನ ತುದಿಗೆ ಹಳೆಯ ಟ್ಯೂಬಿನ ತುಂಡೊಂದನ್ನು ಚಕ್ರಕ್ಕೆ ತಾಗದಂತೆ ಬಿಗಿಯಿರಿ. ಎಂಜಿನ್ನಿಗೆ ಸಿಡಿಯುವ ಕೆಸರು ಬಹುಮಟ್ಟಿಗೆ ನಿಲ್ಲುತ್ತದೆ. ಸದ್ದಿನ ಸೈಲೆನ್ಸರ್ ಹಾಕಿಸುವುದು ಕಾನೂನಿಗೂ ನೆರೆಯವರಿಗೂ ಒಗ್ಗುವುದಿಲ್ಲ. ಮಂಜಿಗಾಗಿ 20 ವ್ಯಾಟಿನ ಎರಡು ದೀಪ ಹಾಕುವುದಾದರೆ 12 ವೋಲ್ಟಿನಲ್ಲಿ ಸುಮಾರು 3.3 ಆಂಪಿಯರ್ ಹರಿಯುತ್ತದೆ. ಹೆಡ್‌ಲೈಟಿನ ತಂತಿ ಕತ್ತರಿಸದೆ, ಬ್ಯಾಟರಿಯ ಪಕ್ಕದಲ್ಲೇ 5 ಆಂಪಿಯರ್ ಫ್ಯೂಸ್ ಇಟ್ಟು, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್) ಮೂಲಕ ಸಂಪರ್ಕ ಕೊಡಿ. ದೀಪಗಳು ಹೆಡ್‌ಲೈಟಿಗಿಂತ ಕೆಳಗಿರಲಿ. ಕತ್ತಲಾದ ಮೇಲೆ ಬೈಕನ್ನು ಕಾಫಿ ಒಣಗಿಸುವ ಕಣದಲ್ಲಿ ಗೋಡೆಗೆ ಎದುರಾಗಿ ನಿಲ್ಲಿಸಿ, ಬೆಳಕು ದೀಪದ ಎತ್ತರಕ್ಕಿಂತ ಕೆಳಗೇ ಬೀಳುವಂತೆ ತಿರುಗಿಸಿಕೊಂಡು, ಆಮೇಲೆ ಬೋಲ್ಟ್ ಬಿಗಿಯಬೇಕು.