ಒಗೆಯುವ ಕಲ್ಲಿನ ಕೆಳಗಿನ ಅತಿಥಿ

ಡಿಸೆಂಬರಿನ ಒಂದು ಸಂಜೆ ದಕ್ಷಿಣ ಬೆಂಗಳೂರಿನ ಮನೆಯೊಂದರಿಂದ ಕರೆ ಬಂತು. ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಕೆಳಗೆ ಹಾವು ಸೇರಿಕೊಂಡಿದೆ ಎಂದರು. ಫೋಟೊ ಕೇಳಿದೆ. ಮಸುಕಾದ ಚಿತ್ರದಲ್ಲಿ ಕಂಡದ್ದು ದಪ್ಪ ಮೈ, ಕಂದು ಮಚ್ಚೆ, ಗಿಡ್ಡ ಬಾಲ. ಕೊಳಕುಮಂಡಲವೇ ಸರಿ ಎಂದುಕೊಂಡು, ಹತ್ತಿರ ಹೋಗದೆ ದೂರದಿಂದ ಕಣ್ಣಿಟ್ಟಿರಿ ಎಂದು ಹೇಳಿ ಹೊರಟೆ.

ಮನೆಯ ಹಿರಿಯಮ್ಮ ಬಾಗಿಲಲ್ಲೇ ಕಾದಿದ್ದರು. “ಮಧ್ಯಾಹ್ನದಿಂದ ನೋಡುತ್ತಿದ್ದೇನಪ್ಪ, ಒಂದು ಸಲವೂ ಬುಸುಗುಟ್ಟಲಿಲ್ಲ. ಪಕ್ಕದಲ್ಲಿ ಪೊರಕೆ ಬಿದ್ದರೆ ತಲೆಯನ್ನೇ ಬಚ್ಚಿಟ್ಟುಕೊಂಡಿತು, ಪಾಪ” ಎಂದರು. ಆ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೆಣಕಿದ ಕೊಳಕುಮಂಡಲ ಕುಕ್ಕರಿನ ಹಾಗೆ ಸದ್ದು ಮಾಡುತ್ತದೆ ಎಂಬುದು ಗೊತ್ತಿದ್ದೂ!

ಟಾರ್ಚ್ ಬಿಟ್ಟಾಗ ಲೆಕ್ಕ ತಪ್ಪತೊಡಗಿತು. ಕೊಳಕುಮಂಡಲದ ಬೆನ್ನಿನ ಮೇಲೆ ಕಪ್ಪು ಅಂಚಿನ ಮೊಟ್ಟೆಯಾಕಾರದ ಮಚ್ಚೆಗಳು ಮೂರು ಸಾಲಾಗಿ, ಸರಪಳಿಯ ಹಾಗೆ ಇರುತ್ತವೆ. ಒಂದೊಂದು ಹುರುಪೆಯ ನಡುವೆಯೂ ಉಬ್ಬಿದ ಗೆರೆಯಂಥ ಏಣು ಇರುವುದರಿಂದ ಮೈ ಒರಟು. ಇದರ ಮೈ ಎಣ್ಣೆ ಹಚ್ಚಿದಂತೆ ನುಣುಪು. ಕಪ್ಪುಗಂದು ಬಣ್ಣದ ಮೇಲೆ ಅಂಕುಡೊಂಕಾದ ಮಣ್ಣುಬಣ್ಣದ ಪಟ್ಟೆಗಳು, ಕೆಲವದರೊಳಗೆ ಕಣ್ಣಿಟ್ಟಂತೆ ಎರಡೆರಡು ಕಪ್ಪು ಚುಕ್ಕೆ. ಹೆಬ್ಬಾವಿನ ಮರಿ ಇರಬಹುದೇ? ನಮ್ಮ ಹೆಬ್ಬಾವಿನ ನೆತ್ತಿಯ ಮೇಲೆ ಭರ್ಚಿಯ ಮೊನೆಯಂಥ ಗುರುತಿರುತ್ತದೆ, ಇಲ್ಲಿ ಅದಿರಲಿಲ್ಲ. ಮಣ್ಣುಮುಕ್ಕ ಹಾವಾದರೆ ಕುತ್ತಿಗೆಯೇ ಕಾಣಿಸುವುದಿಲ್ಲ. ಇದಕ್ಕೆ ಕುತ್ತಿಗೆ ಸ್ಪಷ್ಟವಾಗಿತ್ತು.

ಗೊತ್ತಾಗದ ಹಾವನ್ನು ವಿಷದ್ದೆಂದೇ ಹಿಡಿಯುವುದು ನನ್ನ ಪದ್ಧತಿ. ಚೀಲದ ಬಾಯಿಗೆ ಪೈಪ್ ಕಟ್ಟಿ ಮುಂದಿಟ್ಟು, ಕೊಕ್ಕೆಯಿಂದ ಮೆಲ್ಲನೆ ಒತ್ತಿದೆ. ಅದು ಓಡಲಿಲ್ಲ, ಕಚ್ಚಲೂ ಬರಲಿಲ್ಲ. ತಲೆಯನ್ನು ನಡುವೆ ಅಡಗಿಸಿ ಚೆಂಡಿನಂತೆ ಸುತ್ತಿಕೊಂಡಿತು. ಹಿರಿಯಮ್ಮ ಹೇಳಿದ್ದು ಆಗ ನೆನಪಾಯಿತು. ಬಾಲ್ ಪೈಥಾನ್! ಹೆಸರು ಬಂದದ್ದೇ ಈ ಸ್ವಭಾವದಿಂದ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು, ವಿಷವಿಲ್ಲ. ಪೈಪಿನೊಳಗೆ ಸೇರಿದ ಮೇಲೆ ನೋಡಿದರೆ ಮೇಲ್ದುಟಿಯ ಅಂಚಿನಲ್ಲಿ ಶಾಖ ಗ್ರಹಿಸುವ ಕುಳಿಗಳ ಸಾಲೂ ಇತ್ತು.

ಕಣ್ಣಿನ ಪಾಪೆ ಸೀಳಿದಂತಿದ್ದರೆ ವಿಷದ ಹಾವು ಎಂದು ಆ ಮನೆಯ ಹುಡುಗನೊಬ್ಬ ವಾದಿಸಿದ. ಈ ಸುಳ್ಳು ಎಲ್ಲಿಂದ ಹುಟ್ಟಿತೋ! ನಾಗರಹಾವಿನದೂ ಕಟ್ಟುಹಾವಿನದೂ ದುಂಡು ಪಾಪೆ. ಈ ಸಾಧುಪ್ರಾಣಿಯದು ಬೆಕ್ಕಿನಂತೆ ಸೀಳು.

ಸಾಕಿದ ಹಾವೆಂಬುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ. ಆಫ್ರಿಕಾದಿಂದ ಇಲ್ಲಿಗೆ ತಾನಾಗಿ ಬರುವಂತಿಲ್ಲ. ಮೈಮೇಲೆ ರಕ್ತ ಹೀರುವ ಒಂದು ಉಣ್ಣಿಯಿಲ್ಲ, ಗಾಯದ ಗುರುತಿಲ್ಲ. ಪೆಟ್ಟಿಗೆಯ ಮುಚ್ಚಳ ಸರಿಯಾಗಿ ಕೂರದಿದ್ದರೆ ಸಾಕು, ಇವು ತಲೆಯಿಂದ ಎತ್ತಿ ಹೊರಬೀಳುತ್ತವೆ. ಚಳಿಗೆ, ಬಿಸಿಲುಂಡ ಕಲ್ಲನ್ನು ಹುಡುಕಿಕೊಂಡಿರಬೇಕು. ಕಾಡಿಗೆ ಬಿಡುವ ಮಾತೇ ಇಲ್ಲ. ಅರಣ್ಯ ಇಲಾಖೆಗೆ ತಿಳಿಸಿ ಒಪ್ಪಿಸಲು ಹೊರಟೆ. 2022ರ ವನ್ಯಜೀವಿ ಕಾಯ್ದೆ ತಿದ್ದುಪಡಿಯ ನಂತರ ಇಂಥ ವಿದೇಶಿ ಪ್ರಾಣಿಗಳನ್ನು ನೋಂದಾಯಿಸದೆ ಸಾಕುವಂತಿಲ್ಲ.

ಗೇಟಿನ ಬಳಿ ಸೇರಿದ್ದವರೆಲ್ಲ ವಿಷವಿದೆಯೇ, ಎಷ್ಟು ಉದ್ದ ಎಂದು ಕೇಳಿದರು. ಹಿಂದಿನ ಬೀದಿಯ ಯುವಕನೊಬ್ಬ ಮಾತ್ರ, “ಚೀಲದಲ್ಲಿ ಅದಕ್ಕೆ ಬೆಚ್ಚಗಿರುತ್ತದೆಯೇ ಸಾರ್?” ಎಂದ. ಅವನ ಮುಖ ನೋಡಿದೆ. ನೋಂದಣಿ ಪತ್ರವಿದ್ದರೆ ಎಲ್ಲಿಗೆ ಬರಬೇಕೆಂದು ಯಾರನ್ನೂ ಉದ್ದೇಶಿಸದೆ ಗಟ್ಟಿಯಾಗಿ ಹೇಳಿ, ಚೀಲದ ಸುತ್ತ ಒಂದು ಟವೆಲ್ ಸುತ್ತಿ ಹೊರಟೆ.