ಸ್ಟಿಯರಿಂಗ್ ಯಾರ ಕೈಲಿ: ಮೂರ್ಛೆ ರೋಗದ ಸುತ್ತ ಒಂದು ರೋಡ್ ಸಿನಿಮಾ ಮಾಡಿದ ನನ್ನ ಅನುಭವ

ಮೊದಲ ಡ್ರಾಫ್ಟ್‌ನಲ್ಲಿ ನನ್ನ ಹುಡುಗಿ ಸಾಯುತ್ತಿದ್ದಳು. ಕಡಲ ದಂಡೆಯಲ್ಲಿ, ಹೊತ್ತು ಮುಳುಗುವಾಗ, ಹುಡುಗನ ತೊಡೆಯ ಮೇಲೆ. ಬರೆದು ಮುಗಿಸಿದಾಗ ನನಗೇ ಕಣ್ಣು ತುಂಬಿತ್ತು. ಆಗಲೇ ಅನುಮಾನ ಬರಬೇಕಿತ್ತು.

ಕಥೆ ದೊಡ್ಡದೇನಲ್ಲ. ಎಲ್ಲೂ ಒಗ್ಗದ ಇಬ್ಬರು. ಅವನು ಮನೆಯಲ್ಲಿ ಹೇಳದೆ ಕೆಲಸ ಬಿಟ್ಟು ಬಂದವನು. ಅವಳಿಗೆ ಮೂರ್ಛೆ ರೋಗ. ಕೆಲಸದ ಜಾಗದಲ್ಲಿ ಒಮ್ಮೆ ಫಿಟ್ಸ್ ಬಂದ ಮೇಲೆ ಎಲ್ಲರೂ ಅವಳ ಹತ್ತಿರ ಮೆಲ್ಲಗೆ ಮಾತಾಡುವುದನ್ನು ಕಲಿತುಬಿಟ್ಟಿದ್ದಾರೆ. ಇಬ್ಬರೂ ಒಂದು ಹಳೇ ಕಾರು ಹತ್ತಿ ಹೊರಡುತ್ತಾರೆ. ದುಡ್ಡು ಹಾಕಿದ್ದು ನಾನು ಮತ್ತು ಇಬ್ಬರು ಗೆಳೆಯರು. ನಟರೂ ಸೇರಿ ಒಟ್ಟು 7 ಜನ.

ಸ್ಕ್ರಿಪ್ಟನ್ನು ಪರಿಚಯದ ಒಬ್ಬ ಯುವತಿಗೆ ಓದಲು ಕೊಟ್ಟೆ. ಅವಳಿಗೆ 15ನೇ ವಯಸ್ಸಿನಿಂದ ಜುವೆನೈಲ್ ಮಯೋಕ್ಲೋನಿಕ್ ಎಪಿಲೆಪ್ಸಿ ಎಂಬ ಬಗೆಯ ಮೂರ್ಛೆ ರೋಗ ಇದೆ. ಓದಿ ಮುಗಿಸಿ ಹೇಳಿದ್ದು ಒಂದೇ ಮಾತು: "ನಿಮ್ಮ ಹುಡುಗಿ ತುಂಬಾ ಚೆಂದವಾಗಿ ಬೀಳ್ತಾಳೆ."

ಆಮೇಲೆ ಎರಡು ತಿಂಗಳು ಅವಳ ಜೊತೆ ಕೂತು ಕಥೆಯನ್ನು ಮತ್ತೆ ಬರೆದೆ. ಈ ಬಗೆಯ ಮೂರ್ಛೆ ರೋಗ ಸಾಮಾನ್ಯವಾಗಿ 12ರಿಂದ 18 ವರ್ಷದೊಳಗೆ ಶುರುವಾಗುತ್ತದೆ. ಬೆಳಿಗ್ಗೆ ಎದ್ದ ಸ್ವಲ್ಪ ಹೊತ್ತಿಗೆ ಕೈ ಭುಜ ಸಣ್ಣಗೆ ಜಗ್ಗುತ್ತವೆ. ಹಲ್ಲುಜ್ಜುವ ಬ್ರಷ್ ಹಾರಿಹೋಗುತ್ತದೆ, ಕೈಲಿದ್ದ ಲೋಟ ಬೀಳುತ್ತದೆ. ಎಷ್ಟೋ ಮನೆಗಳಲ್ಲಿ ಇದನ್ನು ಕಾಯಿಲೆ ಅಂತ ಯಾರೂ ಅಂದುಕೊಳ್ಳುವುದಿಲ್ಲ. "ಕೈಯಲ್ಲಿ ಒಂದೂ ನಿಲ್ಲಲ್ಲ" ಎಂದು ಬೈಯುತ್ತಾರೆ, ಅಷ್ಟೇ. ದೊಡ್ಡ ಫಿಟ್ಸ್ ಬಂದ ಮೇಲೆ ಹಿಂದಿನ ಲೋಟಗಳೆಲ್ಲ ನೆನಪಾಗುತ್ತವೆ. ನಿದ್ದೆಗೆಟ್ಟರೆ, ಮಾತ್ರೆ ತಪ್ಪಿದರೆ, ಕುಡಿದರೆ ಫಿಟ್ಸ್ ಬರುವ ಸಾಧ್ಯತೆ ಜಾಸ್ತಿ.

ಈಗ ರೋಡ್ ಸಿನಿಮಾ ಅಂದರೆ ಏನೇನು ಇರುತ್ತದೆ, ನೆನಪು ಮಾಡಿಕೊಳ್ಳಿ. ರಾತ್ರಿಯಿಡೀ ಡ್ರೈವಿಂಗ್, ಬೆಳಗಿನ ಜಾವದವರೆಗೆ ಮಾತು, ಒಂದು ಬಾಟಲಿ. ನಾನು ಪ್ರೀತಿ ಅಂತ ಬರೆದಿದ್ದೆಲ್ಲ ಅವಳಿಗೆ ಅಪಾಯವೇ ಆಗಿತ್ತು. ಹುಡುಗ ಅವಳನ್ನು ಎಷ್ಟು ಇಷ್ಟಪಡುತ್ತಾನೋ ಅಷ್ಟು ನಿದ್ದೆ ಕೆಡಿಸುತ್ತಾನೆ. ಇಡೀ ಸಿನಿಮಾ ಇದರೊಳಗೇ ಇತ್ತು. ನಾನು ಸುಮ್ನೆ ಕಡಲ ದಂಡೆಯಲ್ಲಿ ಹುಡುಕುತ್ತಿದ್ದೆ.

ಎರಡನೆಯದು ಸ್ಟಿಯರಿಂಗ್. ಫಿಟ್ಸ್ ಬರುವವರು ಗಾಡಿ ಓಡಿಸುವ ಬಗ್ಗೆ ಒಂದೊಂದು ದೇಶದಲ್ಲಿ ಒಂದೊಂದು ನಿಯಮ. ಇಷ್ಟು ಕಾಲ ಫಿಟ್ಸ್ ಬರದೇ ಇದ್ದರೆ ಓಡಿಸಬಹುದು ಎನ್ನುವ ಕಡೆಯೂ ಉಂಟು. ಆದರೆ ನನ್ನ ಹುಡುಗಿಗೆ ಈಚೆಗಷ್ಟೇ ಬಂದಿದೆ. ಅವಳು ಓಡಿಸುವಂತಿಲ್ಲ. ರೋಡ್ ಸಿನಿಮಾದ ನಾಯಕಿಗೇ ಸ್ಟಿಯರಿಂಗ್ ಇಲ್ಲ! ಮೊದಮೊದಲು ಇದು ತಲೆನೋವು ಅನ್ನಿಸಿತ್ತು. ಸ್ಟಿಯರಿಂಗ್ ಹಿಡಿದವನೇ ಕಥೆಯನ್ನೂ ಎಳೆದುಕೊಂಡು ಹೋಗುತ್ತಾನೆ, ಅಲ್ವಾ? ಅದಕ್ಕೆ ಎಲ್ಲಿ ನಿಲ್ಲಿಸಬೇಕು ಎನ್ನುವುದನ್ನು ಅವಳ ಕೈಗೆ ಕೊಟ್ಟೆ. ಮ್ಯಾಪ್ ಅವಳದ್ದು. ಮಾತ್ರೆಯ ಅಲಾರಂ ಅವಳದ್ದು, ಬೆಳಿಗ್ಗೆ 8 ಮತ್ತು ರಾತ್ರಿ 8. ಚಿತ್ರಕಥೆಯಲ್ಲಿ ಊರುಗಳ ಲೆಕ್ಕ ಬಿಟ್ಟು ಅಲಾರಂಗಳ ಲೆಕ್ಕ ಹಿಡಿದೆ. ಒಟ್ಟು 11 ಅಲಾರಂ. ಏಳನೆಯದು ಹೊಡೆದಾಗ ಫೋನು ಸೀಟಿನ ಕೆಳಗೆ ಬಿದ್ದಿರುತ್ತದೆ, ಇಬ್ಬರೂ ಕಾರಿನ ಹೊರಗೆ ಜಗಳವಾಡುತ್ತಿರುತ್ತಾರೆ.

ಆ ಜಗಳ ಬರೆಯಲು ಜಾಸ್ತಿ ದಿನ ಹಿಡಿಯಿತು. ಲೆವೆಟಿರಾಸೆಟಮ್ ಎಂಬ ಮೂರ್ಛೆ ರೋಗದ ಮಾತ್ರೆ ತೆಗೆದುಕೊಳ್ಳುವ ಕೆಲವರಿಗೆ ಸಿಟ್ಟು, ಕಿರಿಕಿರಿ ವಿಪರೀತವಾಗುತ್ತದೆ. ಹುಡುಗ ಇದನ್ನು ಎಲ್ಲೋ ಓದಿಕೊಂಡಿದ್ದಾನೆ. ಅವಳು ನ್ಯಾಯವಾಗಿಯೇ ಸಿಟ್ಟಾದಾಗ "ಇದು ಮಾತ್ರೆ ಮಾತಾಡ್ತಿರೋದು" ಅಂದುಬಿಡುತ್ತಾನೆ. ನಾನು ಬರೆದ ಅತ್ಯಂತ ಕೆಟ್ಟ ಮಾತು ಅದು, ಸಿನಿಮಾಕ್ಕೆ ಅತ್ಯಂತ ಬೇಕಾದ ಮಾತೂ ಅದೇ. ಅವಳ ಕೋಪವನ್ನೂ ಅವಳದ್ದಲ್ಲ ಎಂದ ಮೇಲೆ ಅವಳ ಹತ್ತಿರ ಇನ್ನೇನು ಉಳಿಯಿತು?

ಮರಗಳ ದೃಶ್ಯದ ಬಗ್ಗೆ ಹೇಳಲೇಬೇಕು. ರಸ್ತೆಯ ಪಕ್ಕ ಸಾಲುಮರ, ಇಳಿಬಿಸಿಲು, ಅವಳ ಮುಖದ ಮೇಲೆ ನೆರಳು ಬೆಳಕು ಪಟಪಟ ಓಡಬೇಕು. ಇಂಥ ಶಾಟ್ ಯಾವ ಕ್ಯಾಮೆರಾಮನ್ ಬಿಡುತ್ತಾನೆ! ಸ್ಕ್ರಿಪ್ಟ್ ಓದಿದ್ದ ಆ ಯುವತಿಯೇ ನಮ್ಮ ಸಲಹೆಗಾರ್ತಿ, ಅವಳು ತಡೆದಳು. ಮಿನುಗುವ ಬೆಳಕಿಗೆ ಫಿಟ್ಸ್ ಬರುವುದು ಮೂರ್ಛೆ ರೋಗ ಇರುವ ಎಲ್ಲರಿಗೂ ಅಲ್ಲ, ಸುಮಾರು ನೂರಕ್ಕೆ ಮೂವರಿಗೆ. ಆದರೆ ಅವಳ ಬಗೆಯ ಕಾಯಿಲೆಯಲ್ಲಿ ಆ ಪಾಲು ಇನ್ನೂ ಜಾಸ್ತಿ. ಸಾಲುಮರದ ನಡುವಿನ ಬಿಸಿಲೂ ಸಾಕು. 1997ರಲ್ಲಿ ಜಪಾನಿನ ಟೀವಿಯಲ್ಲಿ ಒಂದು ಕಾರ್ಟೂನಿನ ಕೆಂಪು ನೀಲಿ ಮಿಂಚು ನೋಡಿ 600ಕ್ಕೂ ಹೆಚ್ಚು ಜನ, ಬಹುಪಾಲು ಮಕ್ಕಳು, ಆಸ್ಪತ್ರೆ ಸೇರಿದ್ದರು. ಸೆಕೆಂಡಿಗೆ 3ಕ್ಕಿಂತ ಹೆಚ್ಚು ಸಲ ಮಿಂಚಬಾರದು ಎನ್ನುವುದು ಈಗ ಟೀವಿಯವರು ಪಾಲಿಸುವ ಅಳತೆ. ಮೂರ್ಛೆ ರೋಗದ ಮೇಲೆ ಸಿನಿಮಾ ಮಾಡಿ, ಅದನ್ನು ನೋಡಲು ಬಂದವರಿಗೇ ಫಿಟ್ಸ್ ತರಿಸುವುದೇ?

"ಹಾಗಾದರೆ ನೀನು ಇಂಥ ರಸ್ತೆಯಲ್ಲಿ ಏನು ಮಾಡ್ತೀಯ?" ಎಂದು ಕೇಳಿದೆ. ಅವಳು ಅಂಗೈಯಿಂದ ಒಂದು ಕಣ್ಣನ್ನು ಪೂರ್ತಿ ಮುಚ್ಚಿ ತೋರಿಸಿದಳು. ಎರಡೂ ಕಣ್ಣು ಸುಮ್ನೆ ಮುಚ್ಚಿದರೆ ಪ್ರಯೋಜನವಿಲ್ಲ, ರೆಪ್ಪೆಯ ಮೂಲಕವೂ ಬೆಳಕು ಮಿನುಗುತ್ತದೆ. ಒಂದು ಕಣ್ಣಿಗೆ ಬೆಳಕೇ ಬೀಳದಂತೆ ಮಾಡಿದರೆ ಅದರ ಪರಿಣಾಮ ಕಡಿಮೆಯಾಗುತ್ತದೆ. ಮರಗಳ ಶಾಟ್ ಬಿಟ್ಟೆವು. ಕಾರು ಹೊರಗೆ ಓಡುತ್ತಲೇ ಇರುತ್ತದೆ, ನಾವು ತೋರಿಸುವುದು ಬರೀ ಅವಳ ಮುಖ, ನೆರಳಿನಲ್ಲಿ, ಒಂದು ಕಣ್ಣಿನ ಮೇಲೆ ಕೈ. ಕೊನೆಯ ಭಾಗದಲ್ಲಿ ಅದೇ ರಸ್ತೆಗೆ ಹಿಂದಿರುಗುವಾಗ ಅವಳು ನಿದ್ದೆ ಹೋಗಿದ್ದಾಳೆ. ಹುಡುಗ ಕಾರು ನಿಲ್ಲಿಸಿ, ಬಿಸಿಲು ಇಳಿಯುವವರೆಗೆ ಕಾಯುತ್ತಾನೆ. ಮಾತಿಲ್ಲ.

ಫಿಟ್ಸ್ ಬರುವ ದೃಶ್ಯಕ್ಕೆ ನಾವು ಮಾಡಿದ ತಯಾರಿ ಬಹಳ, ಇಟ್ಟುಕೊಂಡಿದ್ದು ಸ್ವಲ್ಪ. ನಮ್ಮ ನಟಿ ಕಣ್ಣು ಮುಚ್ಚಿ ನಡುಗುತ್ತಿದ್ದಳು, ಸಿನಿಮಾದಲ್ಲಿ ಎಲ್ಲರೂ ಮಾಡುವ ಹಾಗೆ. ನಿಜದಲ್ಲಿ ಹೆಚ್ಚಾಗಿ ಕಣ್ಣು ತೆರೆದೇ ಇರುತ್ತದೆ. ಮೊದಲು ಮೈ ಮರದ ಹಾಗೆ ಬಿಗಿಯುತ್ತದೆ. ಎದೆಯೊಳಗಿನ ಗಾಳಿ ಒಮ್ಮೆಲೇ ಹೊರಗೆ ನುಗ್ಗಿ ಒಂದು ವಿಚಿತ್ರ ಕೂಗು ಬರುತ್ತದೆ. ಆಮೇಲೆ ಕೈಕಾಲು ಜಗ್ಗುತ್ತವೆ. ನಿಲ್ಲುವ ಹೊತ್ತಿಗೆ ಜಗ್ಗಾಟದ ನಡುವಿನ ಬಿಡುವು ಉದ್ದವಾಗುತ್ತಾ ಹೋಗುತ್ತದೆ. ನಟಿ ಇದನ್ನು ತಾಳ ಹಾಕಿಕೊಂಡು ಕಲಿತಳು. ಮೊದಲ ಟೇಕ್‌ಗೇ ಕತ್ತು ಹಿಡಿಯಿತು. ಎರಡನೆಯ ಟೇಕ್ ಆದ ಮೇಲೆ ನಾನೇ ಸಾಕು ಎಂದೆ.

ಎಡಿಟಿಂಗ್ ಟೇಬಲ್ ಮೇಲೆ ನೋಡಿದರೆ ಅದು ಪ್ರದರ್ಶನದ ಹಾಗಿತ್ತು. ಕಿತ್ತು ಹಾಕಿದೆ. ಈಗ ಇರುವುದು ಅವಳ ಒಂದು ಚಪ್ಪಲಿ ಮತ್ತು ಹುಡುಗನ ಮುಖ. ಅವನು ಮೊದಲು ತಪ್ಪನ್ನೇ ಮಾಡುತ್ತಾನೆ, ಭುಜ ಒತ್ತಿ ಹಿಡಿಯುತ್ತಾನೆ. ಹಿಡಿಯಬಾರದು ಎಂದು ನೆನಪಾಗಿ ಬಿಡುತ್ತಾನೆ. ತಲೆಯ ಕೆಳಗೆ ಜಾಕೆಟ್ ಇಡುತ್ತಾನೆ, ಬಾಯಿಗೆ ಏನನ್ನೂ ಹಾಕುವುದಿಲ್ಲ. ಗಡಿಯಾರ ನೋಡುತ್ತಾನೆ. 5 ನಿಮಿಷ ದಾಟಿದರೆ ತುರ್ತು ಚಿಕಿತ್ಸೆ ಬೇಕು ಎಂದು ಅವಳೇ ಮೊದಲ ದಿನ ಹೇಳಿರುತ್ತಾಳೆ. ನಮ್ಮ ದೃಶ್ಯದಲ್ಲಿ ಅದು 1 ನಿಮಿಷ 50 ಸೆಕೆಂಡಿಗೆ ನಿಲ್ಲುತ್ತದೆ. ಹಾಲ್‌ನಲ್ಲಿ ಕೂತವರಿಗೆ ಅದೇ ಯುಗ. ನಿಂತ ಮೇಲೆ ಅವಳನ್ನು ಪಕ್ಕಕ್ಕೆ ಹೊರಳಿಸುತ್ತಾನೆ.

ಅದರ ನಂತರದ 6 ನಿಮಿಷವನ್ನು ಒಂದೇ ಶಾಟ್‌ನಲ್ಲಿ ಇಟ್ಟಿದ್ದೇನೆ. ಅವಳಿಗೆ ಗೊರಕೆಯಂಥ ಉಸಿರು. ಎದ್ದಾಗ ಗಲಿಬಿಲಿ. "ಎಲ್ಲಿದ್ದೀವಿ?" ಎಂದು ಕೇಳುತ್ತಾಳೆ. ಹೇಳುತ್ತಾನೆ. ಮತ್ತೆ ಕೇಳುತ್ತಾಳೆ. ಮತ್ತೆ ಹೇಳುತ್ತಾನೆ. ಮೂರನೇ ಸಲ ಅವನ ದನಿಯಲ್ಲಿ ಸಣ್ಣ ಬೇಸರ ಬರಲಿ ಎಂದು ನಟನಿಗೆ ಹೇಳಿದ್ದೆ. ಅವನು ಬೇಡ ಎಂದ, ನಾನು ಹಟ ಹಿಡಿದೆ. ಬೇಸರವೇ ಬರದ ಪ್ರೇಮಿಯನ್ನು ನಾನಂತೂ ನಂಬುವುದಿಲ್ಲ.

ಕಾರಿನ ಒಳಗಿನ ಶೂಟಿಂಗ್ ಬಗ್ಗೆ ಎರಡು ಮಾತು. ನಟಿಸುತ್ತಾ ಗಾಡಿ ಓಡಿಸುವ ಕೆಲಸವನ್ನು ಯಾರಿಗೂ ಕೊಡಲಿಲ್ಲ. ಉದ್ದದ ಮಾತುಗಳಿಗೆಲ್ಲ ಕಾರು ನಿಂತಿತ್ತು, ರಾತ್ರಿ ಹೊತ್ತು. ಒಬ್ಬ ಬಂಪರ್ ಅಲುಗಿಸುತ್ತಿದ್ದ, ಇನ್ನೊಬ್ಬ ಟಾರ್ಚ್ ಹಿಡಿದು ನಿಧಾನವಾಗಿ ದಾಟಿಹೋಗುತ್ತಿದ್ದ. ಎದುರು ಗಾಡಿಯ ಹೆಡ್‌ಲೈಟ್ ಅದೇ. ಹಗಲು ಓಡುವ ಶಾಟ್‌ಗಳಿಗೆ ಹಿಂದಿನ ಸೀಟಿನಲ್ಲಿ ನಾನು ಮುದುಡಿ ಮಲಗಿರುತ್ತಿದ್ದೆ. ಬೆನ್ನು ಇನ್ನೂ ಸರಿಹೋಗಿಲ್ಲ.

ಸಿನಿಮಾ ಮುಗಿದ ಮೇಲೆ ಸಲಹೆಗಾರ್ತಿಗೆ ಮೊದಲು ತೋರಿಸಿದೆ. ಅವಳು ಒಂದೇ ಒಂದು ಮಾತು ತೆಗೆಸಿದಳು. ಫಿಟ್ಸ್ ಬಂದ ಮರುದಿನ ಕಾರಿನಲ್ಲಿ ಹುಡುಗ ಅವಳಿಗೆ "ನಾನಿದ್ದೀನಲ್ಲ" ಅನ್ನುತ್ತಾನೆ. "ಇದನ್ನ ಎಲ್ಲರೂ ಹೇಳ್ತಾರೆ" ಎಂದಳು. ಆ ಶಾಟ್‌ಗೆ ಬದಲಿ ಇರಲಿಲ್ಲ. ಮಾತನ್ನು ಅಳಿಸಿ ರಸ್ತೆಯ ಸದ್ದು ತುಂಬಿದೆವು. ಕ್ಯಾಮೆರಾ ಹಿಂದಿನ ಸೀಟಿನಲ್ಲಿತ್ತು, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಕನ್ನಡಿಯನ್ನೇ ನೋಡುತ್ತಾ ಕೂತರೆ ಮಾತ್ರ ಅವನ ತುಟಿ ಅಲುಗುವುದು ಕಾಣುತ್ತದೆ.